ಅಪ್ಪನ ಕಿವಿಗೆ ತಕ್ಕ ಕಂಪ್ಯೂಟರ್

ಹಿಂದವಾಡಿ, ಬೆಳಗಾವಿ
೯ ಜೂನ್ ೨೦೨೫

ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಗದೆ ಕೆಳಗೆ ಕುಳಿತ ಗಣ್ಯರೇ, ಊಟದ ವಾಸನೆಗೆ ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಮಹಾಜನಗಳೇ, ಮತ್ತು ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಪಂಪು, ಮಿಕ್ಸರು, ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ ಬದುಕುವ ನನ್ನ ಏಕಮಾತ್ರ ಶ್ರೋತೃವಾದ ಅಜೀಮನೇ,

ಇಂದಿನ ಸಭೆಯ ವಿಷಯ: ಮನೆಯ ಕಂಪ್ಯೂಟರಿಗೆ ನೀರಿನ ಕೂಲರ್ ಬೇಕೋ ಬೇಡವೋ, ಬೇಕಾದರೆ ಯಾವುದು.

ಕಂಪ್ಯೂಟರ್ ನಿನಗೆ ಗೊತ್ತಿದ್ದದ್ದೇ. ಆರು ವರ್ಷದ ಹಿಂದೆ ನೀನೇ ಜೋಡಿಸಿಕೊಟ್ಟದ್ದು. ಈ ಊರಿನ ಎಷ್ಟೋ ಮದುವೆಗಳ ವಿಡಿಯೊ ಅದರಲ್ಲೇ ಕತ್ತರಿಸಿ ಕೂಡಿಸಿದ್ದೇನೆ. ಎಷ್ಟೋ ವರನ ಮಾವಂದಿರ ಸಿಟ್ಟನ್ನು ಅದರಲ್ಲೇ ತೆಗೆದುಹಾಕಿದ್ದೇನೆ. ಈಗ ಅದಕ್ಕೆ ಕಾವು ಹೆಚ್ಚಾಗಿದೆ. ಒಂದು ಮದುವೆಯನ್ನು ಪೂರ್ತಿ ಮಾಡಿ ಹೊರತೆಗೆಯಲು ಹಚ್ಚಿದರೆ ಒಳಗಿನ ಪಂಖ ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ.

ನನಗೇನೂ ತ್ರಾಸಿಲ್ಲ. ತ್ರಾಸು ಅಪ್ಪನಿಗೆ. ಬಸಲಿಂಗಪ್ಪನವರು ಬಸ್ಸಿನ ಕಂಡಕ್ಟರ್ ಆಗಿದ್ದಾಗ ಹಿಂದಿನ ಸೀಟಿನ ಪಿಸುಮಾತೂ ಕೇಳಿಸಿಕೊಳ್ಳುತ್ತಿದ್ದದ್ದು ನಿನಗೆ ನೆನಪಿರಬೇಕು. ಕಾಲ ಹಾಗೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಅವರಿಗೆ ಕಿವಿಯ ಯಂತ್ರ ಹಾಕಿಸಿದ್ದೇವೆ. ಕಂಪ್ಯೂಟರಿರುವ ಕೋಣೆಯಲ್ಲೇ ಅವರು ಹಗಲೆಲ್ಲ ಇರುವುದು. ಪಂಖ ಕೂಗಲು ಶುರುವಾದರೆ ಯಂತ್ರ ಅದೇ ಕೂಗನ್ನು ದೊಡ್ಡದು ಮಾಡಿ ಕಿವಿಯೊಳಗೆ ಸುರಿಯುತ್ತದೆ. ಅಪ್ಪ ಯಂತ್ರ ಕಿತ್ತು ಅದರ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಹೀಗೇ ಆದರೆ ಒಂದು ದಿನ ಪೆಟ್ಟಿಗೆಗೆ ಹಾಕಿದ್ದನ್ನು ಮತ್ತೆ ಹೊರತೆಗೆಯುವುದಿಲ್ಲ ಎಂಬ ಭಯ ನನಗೆ.

ನಾನು ಕೈಕಟ್ಟಿ ಕೂತಿಲ್ಲ. ಸಪ್ಪಳ ಅಡಗಲಿ ಎಂದು ನಮ್ಮ ಬಾಳವ್ವಜ್ಜಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಂಪ್ಯೂಟರಿಗೆ ಹೊಚ್ಚಿದೆ. ಅರ್ಧ ತಾಸು ಸುಮ್ಮನಿತ್ತು. ಆಮೇಲೆ ಕೂಗಿದ ಕೂಗಿಗೆ ಎದುರು ಮನೆಯವರು ಕಿಟಕಿ ತೆಗೆದರು. ಪರಿಣಾಮವಾಗಿ ಈ ದ್ವಿಪದಿ:

ಪಂಖ ತಿರುಗಿದರೆ ಗದ್ದಲ, ನಿಂತರೆ ಕುದಿ;
ಬುದ್ಧಿವಂತ ಅಮರ ಹೊಚ್ಚಿದ ಕೌದಿ.

ನೀರಿನ ಕೂಲರ್ ಶಾಂತ ಎಂದು ಎಲ್ಲೋ ಓದಿದೆ. ನೂರ ಇಪ್ಪತ್ತು ಮಿಲಿಮೀಟರಿನದು, ಇನ್ನೂರ ನಲವತ್ತರದು, ಮುನ್ನೂರ ಅರವತ್ತರದು ಅಂತೆ. ಗಾಜಿನ ನಳಿಗೆಯೊಳಗೆ ನವಿಲು ಬಣ್ಣದ ನೀರು ಹರಿಯುವುದೂ ಉಂಟಂತೆ. ಅದರೊಳಗೆ ಯಾವ ನೀರು ಹಾಕಬೇಕು? ನಮ್ಮ ರಕ್ಕಸಕೊಪ್ಪದ್ದು ನಡೆಯುತ್ತದೆಯೋ, ನಿಮ್ಮ ಮಲಪ್ರಭೆಯದೇ ಆಗಬೇಕೋ? ವಿವರವಾಗಿ ಬರೆ. ಫೋನ್ ಮಾಡಬೇಡ. ಫೋನಿನಲ್ಲಿ ಕೇಳಿದ ಅಂಕಿ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಪತ್ರ ಬರೆಯುವ ಕಲೆಯನ್ನು ಉಳಿಸುವ ಹೊಣೆಯೂ ನಮ್ಮಿಬ್ಬರ ಮೇಲಿದೆ.

ಸ್ವಯಂಘೋಷಿತ ನಿರೂಪಣಾ ಚಕ್ರವರ್ತಿ,
ಅಮರ


ಖಾನಾಪುರ
೧೭ ಜೂನ್ ೨೦೨೫

ಅಮರ,

ನಿನ್ನ ಪತ್ರ ಬಂದ ದಿನ ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಆಗಲಿ, ಬರೆಯುತ್ತೇನೆ. ಪೋಸ್ಟ್ ಆಫೀಸಿನವರು ನನಗೆ ಲಕೋಟೆ ಕೊಡುವಾಗ ಮುಖ ನೋಡಿದರು.

ಮೊದಲು ಕೌದಿ ತೆಗೆ. ಜ್ವರ ಬಂದವನ ಬಾಯಿ ಮೂಗು ಕಟ್ಟಿ ಮಲಗಿಸಿದ ಹಾಗಾಯಿತು ಅದು.

ಕಂಪ್ಯೂಟರಿಗೆ ನೀರು ತುಂಬುವ ಕೆಲಸ ನಿನ್ನದಲ್ಲ. ಮನೆಗೆ ಹಾಕುವಂಥದ್ದು ಕಂಪನಿಯಲ್ಲೇ ನೀರು ತುಂಬಿ ಬಾಯಿ ಮುಚ್ಚಿ ಬಂದಿರುತ್ತದೆ. ಒಂದು ಪುಟ್ಟ ಪಂಪು, ಎರಡು ಪೈಪು, ಒಂದು ರೇಡಿಯೇಟರು, ಅದಕ್ಕೆ ಪಂಖಗಳು. ನಮ್ಮ ಅಬ್ಬಾ ಹೊಲಗಳಿಗೆ ಕೂಡಿಸಿಕೊಡುತ್ತಿದ್ದ ಪಂಪ್‌ಸೆಟ್ಟಿನದೇ ಮರಿ. ಗಾಜಿನ ನಳಿಗೆ, ನವಿಲು ಬಣ್ಣ ಮರೆತುಬಿಡು. ಅದು ನೋಡುವವರಿಗೆ, ಕೇಳುವವರಿಗಲ್ಲ.

ಆದರೆ ನೀರಿನದೆಲ್ಲ ಶಾಂತ ಎಂದು ತಿಳಿಯಬೇಡ. ಪಂಖದ ಸಪ್ಪಳ ಹೋಗಿ ಪಂಪಿನ ಗುಂಯ್ ಬರಬಹುದು. ಕೆಲವರಿಗೆ ಅದೇ ಹೆಚ್ಚು ತ್ರಾಸು. ಆದ್ದರಿಂದ ಬಸಲಿಂಗಪ್ಪ ಕಾಕಾ ಅವರನ್ನು ಎರಡು ವಿಷಯ ಕೇಳಿ ಬರೆ. ದಪ್ಪ ಸಪ್ಪಳ ತ್ರಾಸು ಕೊಡುತ್ತದೆಯೋ, ಸಣ್ಣನೆಯದೋ? ಯಾವ ಕಿವಿ ಹೆಚ್ಚು ಹೋಗಿದೆ? ಕಂಪ್ಯೂಟರ್ ಅವರ ಯಾವ ಬಾಜು ಇದೆ ಎಂದೂ ಬರೆ. ಕಂಪ್ಯೂಟರ್ ಪೆಟ್ಟಿಗೆಯ ಮೇಲ್ತಗಡನ್ನು ಅಳೆದು ಕಳಿಸು.

ತಂಗಿ ಸನಮ ಕೇಳುತ್ತಾಳೆ. ತನ್ನ ಮದುವೆಯ ವಿಡಿಯೊಗೆ ಏನೂ ಅವಸರ ಇಲ್ಲ ಎಂದು ಬರೆ ಅಂದಳು. ಎಂಟು ತಿಂಗಳಾಯಿತು ಎಂದೂ ಬರೆ ಅಂದಳು.

ಅಜೀಮ


ಹಿಂದವಾಡಿ
೨೪ ಜೂನ್ ೨೦೨೫

ಸಭಾಸದರೇ, ಮತ್ತು ಲಕೋಟೆ ಕೊಂಡು ಅವಮಾನಿತನಾದ ಮಿತ್ರನೇ,

ಅಳತೆ ತೆಗೆದುಕೋ: ಮೇಲೆ ಇನ್ನೂರ ನಲವತ್ತರದು ಹಿಡಿಯುತ್ತದೆ. ಮುನ್ನೂರ ಅರವತ್ತರದು ಬೇಕೆಂದರೆ ಮುಂದಿನ ಬದಿಗೆ ನಿಲ್ಲಿಸಬೇಕು. ನಾನು ದಿನಾಲೂ ಪಟ್ಟಿ ನೋಡಿ ತಲೆಕೆಡಿಸಿಕೊಳ್ಳುತ್ತಿದ್ದೇನೆ.

ಇನ್ನೂರ ನಲವತ್ತೋ, ಮುನ್ನೂರ ಅರವತ್ತೋ?
ಆರಿಸುವಷ್ಟರಲ್ಲಿ ಅಮರನಿಗೆ ಐವತ್ತು.

ಅಪ್ಪನನ್ನು ಕೇಳಿದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಎಡಗಿವಿ ಹೆಚ್ಚು ಹೋಗಿದೆ. ಕಂಪ್ಯೂಟರ್ ಬಲಕ್ಕಿದೆ. ಸಣ್ಣನೆಯ ಸಪ್ಪಳ ಸೂಜಿಯ ಹಾಗೆ ಬರುತ್ತದೆ.

ಯಂತ್ರ ಇಲ್ಲದಾಗ ಲೋಕವೆಲ್ಲ ಮುಚ್ಚಿದ ಬಾಗಿಲಿನ ಆಚೆ ಮಾತಾಡುತ್ತದೆ. ದನಿ ಬರುತ್ತದೆ, ಮಾತು ಬರುವುದಿಲ್ಲ. ಜನ ನಕ್ಕಾಗ ನಗಬೇಕು, ತಲೆ ಆಡಿಸಿದಾಗ ಆಡಿಸಬೇಕು. ಏನು ಕೇಳಿದರೋ ಗೊತ್ತಾಗದೆ ‘ಹೌದು’ ಅಂದುಬಿಟ್ಟು, ಯಾವುದಕ್ಕೆ ಒಪ್ಪಿಕೊಂಡೆ ಎಂದು ಮನೆಗೆ ಬಂದು ಯೋಚಿಸಬೇಕು. ಯಂತ್ರ ಹಾಕಿದ ಮೊದಲ ದಿನ ಚಮಚೆ ಬಿದ್ದದ್ದಕ್ಕೆ ಮೈ ನಡುಗಿತು. ಪೇಪರ್ ಮಡಚಿದರೆ ತಗಡು ಮಡಚಿದ ಹಾಗೆ. ಎರಡನೆಯ ವಾರ ಒಂದು ಸಂಜೆ, ಸೊಸೆ ಪ್ರಮಿಳಾ ಒಲೆಯ ಮುಂದೆ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾಳೆ ಅನ್ನುವುದು ಗೊತ್ತಾಯಿತು. ಎಷ್ಟು ವರ್ಷದಿಂದ ಹಾಡುತ್ತಿದ್ದಳೋ. ಅಷ್ಟರಲ್ಲಿ ಕಂಪ್ಯೂಟರ್ ಕೂಗಿತು. ಹಾಡು ಅದರ ಕೆಳಗೆ ಹೋಯಿತು.

ಇಷ್ಟು ಅಪ್ಪನ ಹೇಳಿಕೆ.

ಸನಮಳಿಗೆ ಹೇಳು, ಚಿತ್ರದ ಕೆಲಸ ಮುಗಿದಿದೆ. ಧ್ವನಿಯ ಕೆಲಸ ಬಾಕಿ ಇದೆ.

ಕೌದಿ ತೆಗೆದ
ಅಮರ


ಖಾನಾಪುರ
೫ ಜುಲೈ ೨೦೨೫

ಅಮರ,

ಇಲ್ಲಿ ಆರು ದಿನದಿಂದ ಮಳೆ ಹೊಡೆಯುತ್ತಿದೆ. ಕರೆಂಟು ಬಂದಾಗ ಕೆಲಸ, ಹೋದಾಗ ಪತ್ರ.

ಕಾಕಾ ಹೇಳಿದ್ದನ್ನು ಎರಡು ಸಲ ಓದಿದೆ. ಕಂಡಕ್ಟರ್ ಆಗಿದ್ದವರು ಇಷ್ಟು ಚೆಂದ ಹೇಳುತ್ತಾರೆ ಎಂದು ಗೊತ್ತಿರಲಿಲ್ಲ.

ತೀರ್ಮಾನ ಮಾಡಿದ್ದೇನೆ. ನೂರ ಇಪ್ಪತ್ತರದು ಸಾಲದು. ಅದರ ಒಂದೇ ಪಂಖ ಮತ್ತೆ ಓಡಿ ಓಡಿ ಕೂಗುತ್ತದೆ. ಮುನ್ನೂರ ಅರವತ್ತರದನ್ನು ನಿನ್ನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರೆ ಪಂಖಗಳು ಸೀದಾ ಕಾಕಾ ಅವರ ಕಡೆ ಮುಖ ಮಾಡುತ್ತವೆ. ಇನ್ನೂರ ನಲವತ್ತರದು ಮೇಲಿನ ತಗಡಿಗೆ. ಎರಡು ಪಂಖ, ನಿಧಾನ ತಿರುಗಬೇಕು. ರೇಡಿಯೇಟರು ಪಂಪಿಗಿಂತ ಮೇಲೆ ಇದ್ದರೆ ಒಳಗಿನ ಗಾಳಿ ಮೇಲೇರಿ ಕೂರುತ್ತದೆ. ಕೆಳಗಿದ್ದರೆ ಗಾಳಿ ಪಂಪಿಗೆ ಸಿಕ್ಕಿ ಬುಳುಬುಳು ಅನ್ನುತ್ತದೆ.

ಯಾವ ಕಂಪನಿಯದು ಎಂದು ಡಬ್ಬದ ಮೇಲೆ ಓದಿ ಆರಿಸಲಿಲ್ಲ. ಅಬ್ಬಾ ಕಲಿಸಿದ ಪರೀಕ್ಷೆ ಮಾಡಿದೆ: ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿಕೆ ಕಿವಿಗೆ. ಮೂರು ತರಿಸಿ ಹಚ್ಚಿ ನೋಡಿದೆ. ಒಂದರಲ್ಲಿ ಸೊಳ್ಳೆ ಇತ್ತು. ಒಂದರಲ್ಲಿ ಮರಳು ಇತ್ತು. ಮೂರನೆಯದರಲ್ಲಿ ಏನೂ ಇರಲಿಲ್ಲ. ಅದನ್ನು ತೆಗೆದಿಟ್ಟಿದ್ದೇನೆ.

ಇನ್ನೂ ಹಾಳೆ ಉಳಿದಿದೆ. ಒಂಬತ್ತು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡದ್ದನ್ನು ಇಲ್ಲಿ ಇಡುತ್ತೇನೆ.

ಸನಮಳ ನಿಕಾಹದ ದಿನ ನಮ್ಮ ಅಮ್ಮೀ ನಿನಗಾಗಿ ಬೇರೆ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ ಬದನೆಕಾಯಿ ಪಲ್ಯ, ಸಿಹಿ ಅನ್ನ ಮಾಡಿದ್ದಳು. ನಾವು ಕಾಲೇಜಿನಲ್ಲಿದ್ದಾಗಿನಿಂದ ನೀನು ಬಂದಾಗಲೆಲ್ಲ ಹಾಗೇ ಮಾಡುತ್ತ ಬಂದವಳು. ನೀನು ಕ್ಯಾಮೆರಾ ಹಿಡಿದು ನಿಂತಿದ್ದೆ. ಅವಳು ಮೊಣಕಾಲು ಹಿಡಿದುಕೊಂಡು ಎದ್ದು ಬಂದು ನಿನ್ನ ಬೆನ್ನ ಹಿಂದೆ ನಿಂತು ಕರೆದಳು. ಒಂದು ಸಲ ಅಲ್ಲ. ನಾನು ಆಚೆ ಬಾಗಿಲಲ್ಲಿದ್ದೆ, ನೋಡಿದೆ. ನೀನು ತಿರುಗಲಿಲ್ಲ. ಆಮೇಲೆ ಉಣ್ಣದೆ ಹೋದೆ. ನಮ್ಮ ಮಾಮಾ ನಾಲ್ಕು ಜನರ ಮುಂದೆ ಅಮ್ಮೀಗೆ ಅಂದರು, ‘ಈಗ ಕಾಲ ಬ್ಯಾರೆ ಐತಿ, ಆಪಾ. ಅವರು ನಮ್ಮ ಮನ್ಯಾಗ ಉಣ್ಣಾಂಗಿಲ್ಲ.’

ಅಲ್ಲಿಂದ ಮುಂದೆ ನೀನು ಫೋನ್ ಎತ್ತುವುದನ್ನು ಬಿಟ್ಟೆ, ಖಾನಾಪುರಕ್ಕೆ ಬರುವುದನ್ನು ಬಿಟ್ಟೆ. ಈಗ ಕೂಲರಿನ ನೆಪಕ್ಕೆ ಪತ್ರ ಬರೆಯುತ್ತೀ. ಮಾಮಾ ಅಂದದ್ದು ಖರೇ ಏನು?

ಅಜೀಮ


ಹಿಂದವಾಡಿ
೨ ಆಗಸ್ಟ್ ೨೦೨೫

ಅಜೀಮ,

ಇವತ್ತು ಸಭೆ ಇಲ್ಲ.

ನಿಮ್ಮ ಮಾಮಾ ಅಂದದ್ದು ಸುಳ್ಳು. ನಿಮ್ಮ ಮನೆಯಲ್ಲಿ ನಾನು ಉಂಡಷ್ಟು ನನ್ನ ಸೋದರತ್ತೆಯ ಮನೆಯಲ್ಲೂ ಉಂಡಿಲ್ಲ. ಖರೇ ಏನು ಎಂದು ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲ ಹರಿದೆ. ಅದಕ್ಕೇ ಇಷ್ಟು ದಿನವಾಯಿತು. ಸದ್ಯಕ್ಕೆ ಗದ್ದಲದಲ್ಲಿ ಗೊತ್ತಾಗಲಿಲ್ಲ ಎಂದು ತಿಳಿ. ನಿಮ್ಮ ಅಮ್ಮೀ ನನಗೂ ಖಾಲಾ; ಅವರ ಕಾಲಿಗೆ ನನ್ನ ನಮಸ್ಕಾರ ಹೇಳು.

ಕೂಲರ್ ಬೇಡ. ಅಪ್ಪ ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿಬಿಟ್ಟರು. ಸುಮ್ಮನಿರುವುದೇ ಹಿತ ಅನ್ನುತ್ತಾರೆ. ನಾನೂ ಒತ್ತಾಯ ಮಾಡಲಿಲ್ಲ.

ನಿರೂಪಣೆಯ ಕೆಲಸ ಬಿಟ್ಟಿದ್ದೇನೆ. ಮೈಕು ಹಿಡಿದು ಪ್ರಾಸ ಒಗೆಯುವ ವಯಸ್ಸು ಹೋಯಿತು. ಸನಮಳ ವಿಡಿಯೊವನ್ನು ಸದಾಶಿವನಗರದ ಸುಮಿತನಿಗೆ ಕೊಡಬೇಕೆಂದಿದ್ದೇನೆ. ಧ್ವನಿಯ ಕೆಲಸ ಅವನಿಗೆ ಚಲೋ ಬರುತ್ತದೆ. ತಡವಾದದ್ದಕ್ಕೆ ಅವಳ ಕ್ಷಮೆ ಕೇಳುತ್ತೇನೆ.

ಅಮರ


ಖಾನಾಪುರ
೨೧ ಆಗಸ್ಟ್ ೨೦೨೫

ಅಮರ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ‘ಗದ್ದಲದಲ್ಲಿ ಗೊತ್ತಾಗಲಿಲ್ಲ’ ಎಂದು ಹೊರಗಿನವರಿಗೆ ಬರೆಯುತ್ತಾರೆ. ಆ ಸಿಟ್ಟಿನಲ್ಲೇ ಮಂಗಳವಾರ ಬೆಳಗಾವಿಗೆ ಬಂದೆ. ಮುಂದೆ ನಿಲ್ಲಿಸಿಕೊಂಡು ಕೇಳಬೇಕೆಂದೇ ಬಂದೆ. ನೀನು ಸಾಂಬ್ರಾದಲ್ಲಿ ಯಾರದೋ ವಾಸ್ತುಶಾಂತಿಗೆ ಕ್ಯಾಮೆರಾ ಒಯ್ದಿದ್ದೆ. ಪ್ರಮಿಳಾ ವೈನಿ ಪಾಠ ಹೇಳಲು ಸಾಲಿಗೆ ಹೋಗಿದ್ದರು. ಕಾಕಾ ಒಬ್ಬರೇ ಒಳಗೆ ಕೂತು ಶೇಂಗಾ ಸುಲಿಯುತ್ತಿದ್ದರು.

ನಾನು ಗಾಡಿ ನಿಲ್ಲಿಸಿ ಗೇಟಿನ ಕೊಂಡಿ ತೆಗೆಯುವಷ್ಟರಲ್ಲಿ ಒಳಗಿನಿಂದ ದನಿ ಬಂತು, ‘ಯಾರದು, ಅಜೀಮ ಏನು? ಗಾಡಿ ಸಪ್ಪಳದಾಗ ಗೊತ್ತಾತು. ಸೈಲೆನ್ಸರ್ ಬಿಗಿ ಮಾಡಸಪಾ.’

ಒಳಗೆ ಹೋಗಿ ಕೂತೆ. ಚಹಾ ಇಟ್ಟರು. ಮಾತಾಡುತ್ತ ಕೂತಾಗ ಕಾಕಾ ತಟ್ಟನೆ ಎದ್ದು ಅಡುಗೆಮನೆಗೆ ಹೋದರು. ಚಹಾ ಉಕ್ಕುವುದರಲ್ಲಿತ್ತು. ನನಗೆ ಅದರ ಸಪ್ಪಳ ಗೊತ್ತಾಗಿರಲಿಲ್ಲ.

ಅವರ ಕಿವಿಯಲ್ಲಿ ಯಂತ್ರ ಇರಲಿಲ್ಲ. ಯಂತ್ರದ ಪೆಟ್ಟಿಗೆ ನಿನ್ನ ಕೀಬೋರ್ಡಿನ ಬಾಜು ಇತ್ತು. ಅದರ ಮೇಲೆ ಧೂಳು ಕೂತಿತ್ತು. ಇಬ್ಬರೂ ಚಹಾ ಕುಡಿದೆವು. ನನ್ನ ಸಿಟ್ಟು ಆ ಕಪ್ಪಿನಲ್ಲೇ ಎಲ್ಲೋ ಹೋಯಿತು.

ಆಮೇಲೆ ಗಾಡಿಯ ಡಿಕ್ಕಿಯಿಂದ ಕೂಲರ್ ತಂದು ಕೂಡಿಸಿದೆ. ತಂದದ್ದು ಯಾಕೆ ಎಂದು ಕೇಳಬೇಡ. ಸಿಟ್ಟಿನಲ್ಲಿ ಬರುವವನೂ ಕೈಯಲ್ಲಿ ಏನಾದರೂ ಹಿಡಿದು ಬರಬೇಕಲ್ಲ. ಮೇಲಿನ ತಗಡಿಗೆ ರೇಡಿಯೇಟರು, ಎರಡು ಪಂಖ, ಅರ್ಧಕ್ಕಿಂತ ಕಡಿಮೆ ವೇಗ. ನಿನ್ನದೊಂದು ಹಳೇ ಮದುವೆ ವಿಡಿಯೊ ಹಚ್ಚಿ ಒಂದು ತಾಸು ಕಾದೆ. ಕಾವು ಏರಿತು, ನಿಂತಿತು. ಸಪ್ಪಳ ಏರಲಿಲ್ಲ. ಕೌದಿ ಮಡಚಿ ಕಪಾಟಿನಲ್ಲಿಟ್ಟಿದ್ದೇನೆ. ಯಂತ್ರದ ಪೆಟ್ಟಿಗೆಯ ಧೂಳು ಒರೆಸಿ ಇದ್ದಲ್ಲೇ ಇಟ್ಟಿದ್ದೇನೆ.

ಕಾಕಾ ಅವರ ಕಿವಿಯ ಬಗ್ಗೆ ನೀನು ಬರೆದದ್ದೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡಿದೆ. ಅವರಿಗೆ ಹೇಳು, ಒಂದು ವಾರ ಬಿಡದೆ ಹಾಕಿಕೊಳ್ಳಲಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನನಗೆ ಎರಡು ವರ್ಷದಿಂದ ಚಾಳೀಸು ಬಂದಿದೆ, ಸೂಜಿಯಂಥ ವೈರು ಕಾಣುವುದಿಲ್ಲ. ಗಿರಾಕಿಗಳು ಬಂದಾಗ ಕನ್ನಡಕ ತೆಗೆದಿಡುತ್ತಿದ್ದೆ. ಈಗ ತೆಗೆಯುವುದಿಲ್ಲ. ಈ ಪತ್ರವನ್ನೂ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಅಮ್ಮೀಗೆ ಒಂದು ಮಾತು ಹೇಳಿದ್ದೇನೆ. ಏನೆಂದು ಬರೆಯುವುದಿಲ್ಲ. ಅವಳು ಕೇಳಿ ನನ್ನನ್ನೇ ಬೈದಳು, ‘ನಿನಗ ಮೊದಲ ತಿಳೀಬೇಕಿತ್ತಲ್ಲೋ, ದೋಸ್ತ ಅಂತೀ.’ ಕಾಕಾ ಅವರಿಗೆ ಇದನ್ನೂ ಹೇಳು: ನಮ್ಮ ಮನೆಯಲ್ಲಿ ಇನ್ನು ಯಾರೂ ಅವರನ್ನು ಹಿಂದಿನಿಂದ ಕರೆಯುವುದಿಲ್ಲ. ಮುಂದೆ ಬಂದು ನಿಂತು ಮಾತಾಡುತ್ತೇವೆ.

ವಿಡಿಯೊ ಸುಮಿತನಿಗೆ ಕೊಡಬೇಡ. ಸನಮ ಕಾಯುತ್ತಾಳೆ.

ನನಗೆ ಪ್ರಾಸ ಬರುವುದಿಲ್ಲ. ಪಂಪು ಬರುತ್ತದೆ.

ಅಜೀಮ


ಹಿಂದವಾಡಿ
೮ ಸೆಪ್ಟೆಂಬರ್ ೨೦೨೫

ಸಭಾಧ್ಯಕ್ಷರೇ, ಇನ್ನೂ ಎದ್ದು ಹೋಗದೆ ಕುಳಿತಿರುವ ಸಹನಶೀಲರೇ, ನಾನಿಲ್ಲದಾಗ ನನ್ನ ಮನೆಗೆ ನುಗ್ಗಿ ಶಾಂತಿ ಸ್ಥಾಪಿಸಿ ಓಡಿಹೋದ ಅಜೀಮನೇ,

ವರದಿ ವಾಚನ. ಕೂಲರ್ ಕೆಲಸ ಮಾಡುತ್ತಿದೆ. ಮೊದಲ ದಿನ ಕಂಪ್ಯೂಟರ್ ಚಾಲೂ ಆಗಿಲ್ಲವೆಂದು ಮೂರು ಸಲ ಗುಂಡಿ ಒತ್ತಿ ಮೂರು ಸಲ ಬಂದ್ ಮಾಡಿದೆ. ಸಂದರ್ಭಕ್ಕೆ ತಕ್ಕ ದ್ವಿಪದಿ:

ತಣ್ಣಗಾಯಿತು ಯಂತ್ರ, ಸುಮ್ಮನಾಯಿತು ಮನೆ;

ಎರಡನೆಯ ಸಾಲು ಸಿಗಲಿಲ್ಲ. ‘ಕೊನೆ’, ‘ತೆನೆ’, ‘ಗೊನೆ’ ಎಲ್ಲ ಸಾಲುಗಟ್ಟಿ ನಿಂತವು. ಯಾವುದೂ ಬೇಡವೆನಿಸಿತು.

ನೀನು ಹೇಳಿದ ಹಾಗೆ ಅಪ್ಪ ವಾರಪೂರ್ತಿ ಯಂತ್ರ ಹಾಕಿಕೊಂಡರು. ಎರಡು ದಿನ ತ್ರಾಸಾಯಿತು, ಮೂರನೆಯ ದಿನ ಒಗ್ಗಿತು. ಪ್ರಮಿಳಾ ಹಾಡುವುದು ಯಾವ ಹಾಡೆಂದೂ ಗೊತ್ತಾಯಿತು. ಅರ್ಧ ಸಾಲು ಅವಳಿಗೆ ಬರುವುದಿಲ್ಲ, ಅಲ್ಲಿ ‘ಲಾಲಾ’ ಹಾಕಿ ಮುಂದೆ ಹೋಗುತ್ತಾಳೆ.

ನಿನ್ನೆ ಭಾನುವಾರ ಸನಮಳ ವಿಡಿಯೊದ ಧ್ವನಿಗೆ ಕೂತೆವು. ಕೂತೆವು ಎಂದರೆ ಅಪ್ಪನೂ ಬಾಜು ಕೂತರು. ಹೆಡ್‌ಫೋನ್ ಹಾಕಲಿಲ್ಲ, ಕೋಣೆಯಲ್ಲೇ ಧ್ವನಿ ಬಿಟ್ಟೆ. ಊಟದ ಹೊತ್ತಿನ ಭಾಗ ಬಂತು. ಕ್ಯಾಮೆರಾ ಮದುಮಗಳ ಗೆಳತಿಯರ ಮೇಲಿದೆ. ಅವರೆಲ್ಲ ನಗುತ್ತಿದ್ದಾರೆ. ಆ ನಗುವಿನ ಹಿಂದೆ, ಕ್ಯಾಮೆರಾದ ಹಿಂದಿನಿಂದ, ಖಾಲಾ ಅವರ ದನಿ.

‘ಅಮರಾ, ಉಂಡ ಹೋಗಪಾ.’

ಮೈಕು ಕೇಳಿಸಿಕೊಂಡಿತ್ತು, ಅಜೀಮ. ಮೈಕಿಗೂ ನನ್ನ ತಲೆಗೂ ನಡುವೆ ಒಂದು ಗೇಣು.

ಮತ್ತೆ ಬಂತು, ‘ಅಮರಾ, ಬೇಟಾ, ಆರಿ ಹೋಗ್ತದ ನೋಡು.’ ಆಮೇಲೆ ಬರೀ ‘ಅಮರಾ’. ನಂತರ ಬಳೆಯ ಸಪ್ಪಳ. ಆಮೇಲೆ ದನಿ ತಗ್ಗಿಸಿ ಯಾರಿಗೋ ಹೇಳಿದರು, ‘ಕೆಲಸದಾಗ ಅದಾನ ಪಾಪ. ತ್ರಾಸ ಕೊಡಬ್ಯಾಡ್ರಿ. ಡಬ್ಬಿ ಕಟ್ಟಿ ಅವನ ಗಾಡ್ಯಾಗ ಇಡ್ರಿ.’

ಅಪ್ಪ ಅದನ್ನು ಹಿಂದಕ್ಕೆ ಹಾಕಿ ಹಾಕಿ ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಆ ಭಾಗ ಕತ್ತರಿಸಿಲ್ಲ. ಸನಮಳಿಗೆ ಹೋಗುವ ಪ್ರತಿಯಲ್ಲಿ ಅದು ಇರುತ್ತದೆ. ನಿಮ್ಮ ಮಾಮಾ ಅವರನ್ನು ಕೂರಿಸಿ ತೋರಿಸು.

ಡಬ್ಬಿ ನಮ್ಮ ಮನೆಯಲ್ಲೇ ಇದೆ. ಆ ದಿನ ಗಾಡಿಯ ಡಿಕ್ಕಿ ತೆಗೆದಾಗ ಸಿಕ್ಕಿತು. ಬದನೆಕಾಯಿ ಪಲ್ಯದ ರುಚಿಯಿಂದ ಕೈ ಯಾರದೆಂದು ಗೊತ್ತಾಯಿತು, ನೀನೇ ಇಟ್ಟಿದ್ದೀ ಎಂದುಕೊಂಡೆ. ಅಡುಗೆಮನೆಯಲ್ಲಿ ನಿಂತೇ ಪೂರ್ತಿ ಉಂಡೆ, ಅಪ್ಪನಿಗೂ ಉಳಿಸಲಿಲ್ಲ. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಏನು ತುಂಬಿಸುವುದು, ಯಾವ ಮುಖ ಹೊತ್ತು ಬರುವುದು ಎಂದು ತಿಳಿಯದೆ ಹನ್ನೊಂದು ತಿಂಗಳು ಅದು ಕಪಾಟಿನಲ್ಲೇ ಕೂತಿತು. ಬರುವ ಭಾನುವಾರ ಶೇಂಗಾ ಹೋಳಿಗೆ ತುಂಬಿಸಿಕೊಂಡು ಬರುತ್ತೇನೆ. ಶೇಂಗಾ ಸುಲಿದದ್ದು ಯಾರು ಎಂದು ನಿನಗೆ ಗೊತ್ತು. ಖಾಲಾ ಅವರಿಗೆ ಹೇಳು, ಈ ಸಲ ಉಂಡೇ ಹೋಗುತ್ತೇನೆ.

ಆ ದಿನವೇ ಫೋನ್ ಮಾಡಿ ಊಟ ಚಲೋ ಆಗಿತ್ತು ಎಂದು ಹೇಳಬೇಕಿತ್ತು. ಹತ್ತು ಅಂಕಿ ಒತ್ತುವ ಕೆಲಸ. ಒತ್ತಿದರೆ ಅತ್ತಲಿಂದ ನೀನು ಮಾತಾಡುತ್ತೀ, ನಾನು ‘ಹೌದು ಹೌದು’ ಅನ್ನಬೇಕು, ಯಾವುದಕ್ಕೆ ಹೌದು ಎಂದೆ ಎಂದು ಆಮೇಲೆ

ಸಾಕು. ಕಿವಿ ಅಪ್ಪಂದಲ್ಲ, ಅಜೀಮ. ನಂದು.

ಅಮರ